ಮಳೆಯ ಏರುಪೇರು ಮತ್ತು ತೋಟದ ಬೆಳೆಗಳು: ರೂಪನಗುಡಿ ಸೀಮೆಯ ಜಮೀನುದಾರರಿಗೆ ಕೆಲವು ವಿಚಾರಗಳು

ಬಳ್ಳಾರಿ ತಾಲ್ಲೂಕಿನ ರೂಪನಗುಡಿ ಕಡೆಯ ಅನುಭವಸ್ಥನಾದ ರೈತನನ್ನು ಕಂಡು “ಈ ವರ್ಷದ ಮಳೆ ಹೇಗೆ?” ಎಂದು ಕೇಳಿದರೆ ಆತನು ಇಷ್ಟು ಅಂಗುಲವಾಯಿತೆಂದು ಉತ್ತರ ಕೊಡುವುದಿಲ್ಲ. “ಆರಿದ್ರೆ ಕೈಕೊಟ್ಟಿತು, ಪುಷ್ಯ ನೆಲ ತೋಯಿಸಿತು, ಮಘೆ ಪೂರ್ತಿ ಒಣಗಿತು, ಉತ್ತರೆ ಒಡ್ಡು ಒಡೆಯಿತು” ಎಂದು ನಕ್ಷತ್ರ ನಕ್ಷತ್ರವಾಗಿ ಹೇಳುತ್ತಾನೆ. ಕೇಳುವವರಿಗೆ ಇದು ಹಳೆಯ ಕಾಲದ ಮಾತೆಂದು ತೋರಬಹುದು. ಆದರೆ ವರ್ಷದ ಒಟ್ಟು ಮಳೆಯನ್ನು ಮಾತ್ರ ನೋಡಿ ಸುಭಿಕ್ಷ ದುರ್ಭಿಕ್ಷಗಳನ್ನು ನಿಶ್ಚಯಿಸುವುದಕ್ಕಿಂತ, ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ಅವಧಿಯಲ್ಲಿ ಮಳೆಯು ಬಂದಿತೇ ಇಲ್ಲವೇ ಎಂದು ನೋಡತಕ್ಕ ಈ ಪದ್ಧತಿಯೇ ಬೆಳೆಯ ನಿಜಸ್ಥಿತಿಯನ್ನು ಹೆಚ್ಚು ಸರಿಯಾಗಿ ತಿಳಿಸುತ್ತದೆ. ಗಿಡಕ್ಕೆ ವರ್ಷದ ಸರಾಸರಿಯ ಪರಿಚಯವಿಲ್ಲ. ತನ್ನ ಬೇರಿನ ಬಳಿ ಈ ವಾರ ತೇವವಿದೆಯೇ ಎಂಬುದೊಂದೇ ಅದಕ್ಕೆ ಗೊತ್ತು.

ಹೊಲದ ಬೆಳೆಯು ಒಂದು ಮುಂಗಾರು ಕೆಟ್ಟರೆ ಹಿಂಗಾರಿನಲ್ಲಿಯಾದರೂ ಮರಳಿ ಬಿತ್ತತಕ್ಕಂಥಾದ್ದು. ತೋಟವಾದರೋ ಹಾಗಲ್ಲ. ನಾಲ್ಕು ಐದು ವರ್ಷಗಳ ಕಾಲ ಹಣವನ್ನೂ ದುಡಿಮೆಯನ್ನೂ ನುಂಗಿ ಬೆಳೆದ ದಾಳಿಂಬೆ, ಅಂಜೂರ, ಮಾವು, ತೆಂಗುಗಳು ಒಂದು ತಿಂಗಳ ಒಣಹವೆಯಿಂದ ಕೆಟ್ಟರೆ ಆ ನಷ್ಟವು ಮುಂದಿನ ವರ್ಷಗಳಿಗೂ ಹಬ್ಬುತ್ತದೆ. ಆದಕಾರಣ ತೋಟವುಳ್ಳವರು ಮಳೆಯ ಏರುಪೇರನ್ನು ಇತರರಿಗಿಂತ ಹೆಚ್ಚು ಎಚ್ಚರದಿಂದ ಗಮನಿಸತಕ್ಕದ್ದು. ಈ ಲೇಖನದಲ್ಲಿ ಆ ವಿಷಯವನ್ನು ಯಥಾಶಕ್ತಿ ವಿಶದಪಡಿಸಿ, ಊರಿನ ಮುಖ್ಯಸ್ಥರು ಕೈಗೊಳ್ಳಬಹುದಾದ ಕೆಲವು ಉಪಾಯಗಳನ್ನು ಸೂಚಿಸುವೆವು.

ನಮ್ಮ ಸೀಮೆಯ ಮಳೆಯ ಸ್ವಭಾವ

ಪಶ್ಚಿಮ ಸಮುದ್ರದಿಂದ ಏಳುವ ಮುಂಗಾರು ಮೋಡಗಳು ಸಹ್ಯಾದ್ರಿಯ ಮೇಲೆ ತಮ್ಮ ಭಾರವನ್ನು ಇಳಿಸಿ, ಬಳ್ಳಾರಿ ಸೀಮೆಗೆ ಬರುವ ಹೊತ್ತಿಗೆ ಬಡವಾಗಿರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ನಮ್ಮಲ್ಲಿ ಆಗುವುದು ಸುಮಾರು 500 ಮಿಲಿಮೀಟರು, ಎಂದರೆ 20 ಅಂಗುಲ ಮಾತ್ರ. ಅದೂ ಮೂವತ್ತರ ಆಸುಪಾಸಿನ ಮಳೆದಿನಗಳಲ್ಲಿಯೇ ಬಿದ್ದು ಮುಗಿಯುತ್ತದೆ. (ಎರಡೂವರೆ ಮಿಲಿಮೀಟರಿಗೆ ಕಡಮೆಯಾಗದಂತೆ ಬಿದ್ದ ದಿನವನ್ನು ಮಾತ್ರ ಮಳೆದಿನವೆಂದು ಹವಾಮಾನ ಶಾಸ್ತ್ರಜ್ಞರು ಎಣಿಸುತ್ತಾರೆ.) ಜೂನ್ ಜುಲೈ ತಿಂಗಳುಗಳಲ್ಲಿ ಗಾಳಿಯು ಹೆಚ್ಚು, ಹನಿಯು ಕಡಮೆ. ಉತ್ತರೆ ಹಸ್ತಗಳ ಕಾಲವಾದ ಸೆಪ್ಟಂಬರು ತಿಂಗಳೇ ನಮ್ಮ ಮುಖ್ಯ ಮಳೆಗಾಲ. ಇತ್ತ ಬಿಸಿಲೂ ಗಾಳಿಯೂ ಕೂಡಿ ನೆಲದಿಂದಲೂ ಗಿಡದಿಂದಲೂ ವರ್ಷದಲ್ಲಿ ಹೀರಿಕೊಳ್ಳಬಲ್ಲ ನೀರು ಬೀಳುವ ಮಳೆಯ ಸುಮಾರು ಮೂರು ಪಟ್ಟಾಗಿರುತ್ತದೆ. ಆದಾಯಕ್ಕಿಂತ ವೆಚ್ಚವು ಮೂರು ಪಟ್ಟಿರುವ ಮನೆಯಲ್ಲಿ ಒಂದು ತಿಂಗಳ ಸಂಬಳವು ತಡವಾದರೆ ಆಗತಕ್ಕ ಫಜೀತಿಯು, ಇಲ್ಲಿ ಮೂರು ವಾರ ಮಳೆ ತಡವಾದರೆ ಆಗುತ್ತದೆ.

ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು (1876–78) ಬಳ್ಳಾರಿ ಜಿಲ್ಲೆಯನ್ನು ಎಷ್ಟು ಘೋರವಾಗಿ ಬಾಧಿಸಿತೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಂದು ಮಳೆಯೇ ಬರಲಿಲ್ಲ. ಇಂದಿನ ನಮ್ಮ ತೊಂದರೆಯು ಬಹುಮಟ್ಟಿಗೆ ಬೇರೆಯದು: ಮಳೆ ಬರುತ್ತದೆ, ಆದರೆ ಬೇಕಾದಾಗ ಬರುವುದಿಲ್ಲ. 2009ನೆಯ ಇಸವಿಯಲ್ಲಿ ದೇಶದ ಮುಂಗಾರು ಮಳೆಯು ನೂರಕ್ಕೆ 22ರಷ್ಟು ಕಡಮೆಯಾಗಿ ಎಲ್ಲೆಲ್ಲಿಯೂ ಬರದ ಕೂಗು ಎದ್ದಿತ್ತು. ಅದೇ ವರ್ಷ ಸೆಪ್ಟಂಬರಿನ ಕೊನೆಯ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಅತಿವೃಷ್ಟಿಯಿಂದ ಬಳ್ಳಾರಿ ಜಿಲ್ಲೆಯೂ ಸೇರಿ ಅನೇಕ ಜಿಲ್ಲೆಗಳು ಪ್ರವಾಹಕ್ಕೆ ಸಿಕ್ಕಿದವು. ಹೀಗೆ ಒಂದೇ ವರ್ಷದಲ್ಲಿ ಅನಾವೃಷ್ಟಿ ಅತಿವೃಷ್ಟಿಗಳೆರಡನ್ನೂ ಜನರು ಕಂಡರು. 2023ರಲ್ಲಿ ಜುಲೈ ಮಳೆಯು ಆಸೆ ಹುಟ್ಟಿಸಿ ಹೋದಮೇಲೆ ಬಂದ ಆಗಸ್ಟು, 1901ರಿಂದೀಚೆಗೆ ಈ ದೇಶವು ಕಂಡ ಆಗಸ್ಟುಗಳಲ್ಲೆಲ್ಲಾ ಅತಿ ಒಣಗಿದ್ದಾಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಆ ವರ್ಷ ಬರಪೀಡಿತವೆಂದು ಸರ್ಕಾರವು ಘೋಷಿಸಬೇಕಾಯಿತು.

ಒಣಹವೆಯಲ್ಲಿ ಎರೆ ಭೂಮಿಯ ವರ್ತನೆ

ಎರೆ ಭೂಮಿಯ ಜಿಗುಟು ಮಣ್ಣು ನೀರು ಕುಡಿದಾಗ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ನಿಧಾನವಾಗಿ ಬಿದ್ದ ಅರ್ಧ ಅಂಗುಲ ಮಳೆಯನ್ನು ಇದು ಪೂರ್ತಿಯಾಗಿ ಹಿಡಿದುಕೊಂಡೀತು. ಒಂದು ಗಳಿಗೆಯಲ್ಲಿ ಸುರಿದ ಎರಡು ಅಂಗುಲವನ್ನು ಹಿಡಿಯಲಾರದು. ಆ ನೀರು ಮೇಲ್ಮಣ್ಣನ್ನೂ ಗೊಬ್ಬರವನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತದೆ. ಮಳೆ ನಿಂತು ಎರಡು ಮೂರು ವಾರ ಕಳೆದರೆ ಅದೇ ಮಣ್ಣು ಕುಗ್ಗಿ, ಬೆರಳು ತೂರುವಷ್ಟು ಅಗಲವಾದ ಬಿರುಕುಗಳು ಬೀಳುತ್ತವೆ. ಈ ಬಿರುಕುಗಳಿಂದ ಎರಡು ವಿಧವಾದ ಹಾನಿಯುಂಟು. ಮೊದಲನೆಯದು, ಗಿಡದ ಎಳೆಯ ಬೇರುಗಳು ಹರಿಯುತ್ತವೆ. ಎರಡನೆಯದು, ಆಳದಲ್ಲಿ ಭದ್ರವಾಗಿದ್ದ ತೇವಕ್ಕೂ ಬಿಸಿಗಾಳಿಯು ಮುಟ್ಟುತ್ತದೆ. ಮೇಲ್ಗಡೆ ನೋಡಿದರೆ ನೆಲ ಒಣಗಿದೆಯೆಂದಷ್ಟೇ ಕಾಣುತ್ತದೆ. ಒಳಗೆ ಒಂದು ಗಜದ ಆಳದವರೆಗೆ ನೀರು ಕಳ್ಳತನವಾಗುತ್ತಿರುತ್ತದೆ.

ಬಾವಿ ಕೊಳವೆಬಾವಿಗಳ ಸ್ಥಿತಿಯೂ ಇದಕ್ಕೆ ಹೊರತಾದುದಲ್ಲ. ಬಳ್ಳಾರಿ ಸೀಮೆಯ ಅಡಿಯಲ್ಲಿರುವುದು ಗಟ್ಟಿಯಾದ ಕಣಶಿಲೆ. ಅದರ ಸೀಳುಗಳಲ್ಲಿ ಮಾತ್ರ ನೀರು ನಿಲ್ಲತಕ್ಕದ್ದು. ಹರಿದು ಹೋದ ಮಳೆಯು ಆ ಸೀಳುಗಳಿಗೆ ಇಳಿಯುವುದಿಲ್ಲ. ಹೀಗಾಗಿ ವರ್ಷದ ಲೆಕ್ಕದಲ್ಲಿ 20 ಅಂಗುಲ ತುಂಬಿದ್ದರೂ ಚೈತ್ರಮಾಸದಲ್ಲಿ ಬಾವಿಯ ತಳ ಕಾಣುವುದುಂಟು.

ಕಾಲುವೆಯ ನೀರುಳ್ಳವರು ತಮಗೆ ಈ ಚಿಂತೆಯಿಲ್ಲವೆಂದು ತಿಳಿಯಬಾರದು. 1945ರಲ್ಲಿ ಕೆಲಸವು ಪ್ರಾರಂಭವಾಗಿ 1953ರಲ್ಲಿ ನೀರು ಬಿಟ್ಟ ತುಂಗಭದ್ರಾ ಜಲಾಶಯವು ಮಲೆನಾಡಿನ ಮಳೆಯನ್ನು ನಂಬಿದೆ. ಮೊದಲು ಸುಮಾರು 133 ಸಾವಿರ ಮಿಲಿಯ ಘನ ಅಡಿ ಹಿಡಿಯುತ್ತಿದ್ದ ಆ ಜಲಾಶಯವು ಹೂಳು ತುಂಬಿದ್ದರಿಂದ ಈಗ ಸುಮಾರು 105 ಮಾತ್ರ ಹಿಡಿಯುತ್ತದೆ. 2024ನೆಯ ಆಗಸ್ಟು 10ರ ರಾತ್ರಿ ಅದರ 19ನೆಯ ಬಾಗಿಲಿನ ಸರಪಳಿ ಹರಿದು ಬಾಗಿಲೇ ಕೊಚ್ಚಿಹೋದಾಗ, ಕಾಲುವೆಯ ಕೊನೆಯಲ್ಲಿರುವ ರೈತನ ಎದೆ ಎಷ್ಟು ಹೊಡೆದುಕೊಂಡಿತೆಂಬುದನ್ನು ಎಲ್ಲರೂ ಬಲ್ಲರು. ಕಾಲುವೆಯ ನೀರು ಇದ್ದರೂ ತೋಟಕ್ಕೆ ತನ್ನದೇ ಆದ ಒಂದು ಆಸರೆಯಿರಬೇಕೆಂಬುದೇ ಇದರಿಂದ ತಿಳಿಯತಕ್ಕ ನೀತಿ.

ಬೆಳೆಬೆಳೆಗೆ ಆಗತಕ್ಕ ಹಾನಿ

ದಾಳಿಂಬೆ. ಈ ಗಿಡಕ್ಕೆ ನೀರನ್ನು ಕೆಲವು ಕಾಲ ನಿಲ್ಲಿಸಿ, ಎಲೆ ಉದುರಿಸಿ, ಮರಳಿ ನೀರು ಕೊಟ್ಟು ಹೂ ಬಿಡಿಸುವುದು ರೂಢಿ. ಮೃಗ ಬಹಾರ, ಹಸ್ತ ಬಹಾರ ಎಂಬ ಹೆಸರುಗಳೇ ಮಳೆಯ ನಕ್ಷತ್ರಗಳಿಂದ ಬಂದವು. ವಿಶ್ರಾಂತಿಯ ನಡುವೆ ಅಕಾಲದಲ್ಲಿ ಒಂದು ಹದ ಮಳೆ ಬಿದ್ದರೆ ಗಿಡವು ಮೋಸಹೋಗಿ ಅರ್ಧಮರ್ಧ ಹೂ ಬಿಡುತ್ತದೆ. ಮುಂದೆ ಕಾಯಿಗಳು ಒಂದೇ ಸಲಕ್ಕೆ ಮಾಗುವುದಿಲ್ಲ. ಕಾಯಿ ಬಲಿಯುವಾಗ ಮೂರು ವಾರ ಒಣಗಿ ಆಮೇಲೆ ಜೋರು ಮಳೆ ಬಂದರೆ, ಬಿಗಿದುಕೊಂಡ ಸಿಪ್ಪೆಯೊಳಗೆ ಕಾಳುಗಳು ಒಮ್ಮೆಲೇ ಉಬ್ಬಿ ಹಣ್ಣು ಸೀಳುತ್ತದೆ. ಸೀಳಿದ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಮಳೆಹನಿಗಳ ಸಿಡಿತದಿಂದ ಹಬ್ಬುವ ದುಂಡಾಣು ಅಂಗಮಾರಿ ರೋಗವು ಇದಕ್ಕೆ ಮೇಲಿನ ಪೆಟ್ಟು.

ಅಂಜೂರ. ಬಳ್ಳಾರಿಯ ಅಂಜೂರವು ಹೆಸರಾದ ಬೆಳೆ. ಒಣಹವೆಯನ್ನು ಇದು ಬಹಳವಾಗಿ ಸಹಿಸುತ್ತದೆ. ಆದರೆ ಹಣ್ಣು ಮಾಗುವ ಕಾಲದಲ್ಲಿ ಮಳೆ ಬಂದರೆ ಹಣ್ಣು ಬಿರಿದು, ಒಳಗೆ ಹುಳಿಯುತ್ತದೆ.

ಮೆಣಸಿನಕಾಯಿ. ಇದರ ಬೇರು ಆಳಕ್ಕೆ ಹೋಗುವುದಿಲ್ಲ. ಆದ್ದರಿಂದ ಒಣಹವೆಯ ಪೆಟ್ಟು ಮೊದಲು ಇದಕ್ಕೇ ತಟ್ಟುತ್ತದೆ. ಬಿಸಿಗಾಳಿಯಲ್ಲಿ ಹೂವೂ ಪೀಚೂ ಉದುರುತ್ತವೆ, ನುಸಿ ಹೆಚ್ಚಿ ಎಲೆ ಮುಟುರುತ್ತದೆ. ಬಾಯಾರಿದ ಗಿಡಕ್ಕೆ ಒಮ್ಮೆಲೇ ನೀರು ನಿಂತರೆ ಬುಡ ಕೊಳೆತು ಸಾಲುಸಾಲಾಗಿ ಸೊರಗುತ್ತದೆ. 2021ರಲ್ಲಿ ನಮ್ಮ ರಾಜ್ಯ, ಆಂಧ್ರ ಮತ್ತು ತೆಲಂಗಾಣಗಳ ಮೆಣಸಿನ ತೋಟಗಳನ್ನು ಹೊಸ ಜಾತಿಯ ಕಪ್ಪು ನುಸಿಯು ಹಾಳುಗೆಡವಿದುದನ್ನು ಈ ಭಾಗದ ಬೆಳೆಗಾರರು ಮರೆತಿಲ್ಲ. ಕಣದಲ್ಲಿ ಒಣಗಲು ಹರಡಿದ ಕಾಯಿಯ ಮೇಲೆ ವಿಶಾಖೆಯ ಮಳೆ ಬಿದ್ದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಬೆಲೆಯೂ ಕೆಡುತ್ತದೆ.

ಮಾವು. ಸ್ವಾತಿಯ ತರುವಾಯ ಎರಡು ತಿಂಗಳು ಒಣಗಿ ಚಳಿ ಬಿದ್ದರೆ ಮಾವಿಗೆ ಹಿತ. ಆಗ ಹೂವು ಚೆನ್ನಾಗಿ ಬರುತ್ತದೆ. ಆ ಕಾಲದಲ್ಲಿ ಮಳೆ ಬಂದರೆ ಹೂವಿಗೆ ಬದಲಾಗಿ ಚಿಗುರು ಬರುತ್ತದೆ. ಹೂವಿನ ಮೇಲೆಯೇ ಬಂದರೆ ಬೂದಿ ರೋಗವೂ ಚಿಬ್ಬು ರೋಗವೂ ಕಾಣುತ್ತವೆ.

ತೆಂಗು. ಇದರ ಲೆಕ್ಕವು ಬಹು ವಿಚಿತ್ರವಾದುದು. ಈ ವರ್ಷದ ಒಣಹವೆಯ ಫಲವು ಈ ವರ್ಷವೇ ಪೂರ್ತಿಯಾಗಿ ತೋರದು. ಹೊಂಬಾಳೆಯು ಮರದೊಳಗೆ ಮೊಳೆತು ಹೊರಗೆ ಬಿಡುವುದಕ್ಕೆ ಎರಡೂವರೆ ವರ್ಷಗಳಿಗೂ ಮಿಕ್ಕು, ಕಾಯಿ ಬಲಿಯುವುದಕ್ಕೆ ಮತ್ತೊಂದು ವರ್ಷ ಬೇಕು. ಆದ್ದರಿಂದ ಒಂದು ಬೇಸಗೆಯ ಬಾಧೆಯು ಸುಮಾರು ಮೂರು ವರ್ಷಗಳವರೆಗೂ ಗೊನೆಗಳಲ್ಲಿ ತೋರುತ್ತಿರುತ್ತದೆ. ಮಳೆ ಚೆನ್ನಾಗಿ ಆದ ವರ್ಷದಲ್ಲಿ ಕಾಯಿ ಕಡಮೆಯಾದುದಕ್ಕೆ ಕಾರಣವನ್ನು ಹುಡುಕುವವನು ಹಿಂದಿನ ವರ್ಷಗಳ ಮಳೆಯ ಪುಸ್ತಕವನ್ನು ತಿರುವಿ ನೋಡಬೇಕು.

ಕೈಗೊಳ್ಳತಕ್ಕ ಉಪಾಯಗಳು

ಈ ಸೀಮೆಯ ರೈತರಿಗೆ ಹತ್ತಿರದಲ್ಲಿಯೇ ಎರಡು ವಿದ್ಯಾಸ್ಥಾನಗಳಿವೆ. 1906ರಲ್ಲಿ ಸ್ಥಾಪಿತವಾದ ಹಗರಿಯ ವ್ಯವಸಾಯ ಸಂಶೋಧನಾ ಕ್ಷೇತ್ರದಲ್ಲಿ 1934ರಿಂದಲೇ ಒಣ ಬೇಸಾಯದ ಪ್ರಯೋಗಗಳು ನಡೆದವು. ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರವು ಪ್ರಾರಂಭವಾಯಿತು. ಈ ತೆರನಾದ ಪ್ರಯೋಗಗಳಿಂದಲೂ ಹಿರಿಯರ ಅನುಭವದಿಂದಲೂ ಹೊರಪಟ್ಟ ಮುಖ್ಯವಾದ ಮಾತುಗಳು ಇವು.

ಒಂದನೆಯದು, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸುವುದು. ಮುಂಗಾರಿನಲ್ಲಿ ಬೀಡು ಬಿಟ್ಟ ಎರೆ ಹೊಲದಲ್ಲಿ ಚೌಕುಮಡಿಗಳನ್ನು ಮಾಡಿದರೆ ಹಿಂಗಾರಿನವರೆಗೆ ತೇವ ಉಳಿಯುತ್ತದೆ. ಆದರೆ ಆಳವಾದ ಎರೆಯಲ್ಲಿ ಸಮಪಾತಳಿಯ ದೊಡ್ಡ ಒಡ್ಡುಗಳನ್ನು ಹಾಕಿ ನೀರಿಗೆ ಹಾದಿ ಬಿಡದಿದ್ದರೆ, ಒಡ್ಡಿನ ಪಕ್ಕದ ಗಿಡಗಳು ನೀರು ನಿಂತು ಸಾಯುತ್ತವೆ, ಬಿರುಕುಬಿಟ್ಟ ಒಡ್ಡೂ ಒಡೆಯುತ್ತದೆ. ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು, ಕಲ್ಲು ಕಟ್ಟಿದ ಕೋಡಿ, ಹುಲ್ಲು ಬೆಳೆದ ಕಾಲುವೆ, ಇವು ಮೂರೂ ಕೂಡಿರತಕ್ಕದ್ದು.

ಎರಡನೆಯದು, ನೆಲದ ಬಾಯಿ ಮುಚ್ಚುವುದು. ಮಳೆ ನಿಂತು ನೆಲ ಹದಕ್ಕೆ ಬಂದ ಕೂಡಲೇ ಸಾಲುಗಳ ನಡುವೆ ಕುಂಟೆ ಹಾಯಿಸಿದರೆ ಬಿರುಕು ಮುಚ್ಚಿ ಮೇಲಣ ಪುಡಿಮಣ್ಣೇ ಹೊದಿಕೆಯಾಗುತ್ತದೆ. ಬಿರುಕು ಬಿದ್ದಮೇಲೆ ಕುಂಟೆ ಹುಡುಕುವುದು ಕಳ್ಳ ಹೋದಮೇಲೆ ಬೀಗ ಹಾಕಿದಂತೆ. ಗಿಡದ ಪಾತಿಯಲ್ಲಿ ಜೋಳದ ಕೂಳೆ, ಹೊಟ್ಟು, ಒಣ ಎಲೆಗಳನ್ನು ಮೂರು ನಾಲ್ಕು ಅಂಗುಲ ದಪ್ಪ ಹರಡತಕ್ಕದ್ದು. ಇನ್ನೊಂದು ಉಪಾಯವೆಂದರೆ, ಸಾಲುಗಳ ನಡುವೆ ಸುಮಾರು ಒಂದು ಅಡಿ ಆಳ, ಅರ್ಧ ಅಡಿ ಅಗಲದ ಚರಿಯನ್ನು ಇಳಿಜಾರಿಗೆ ಅಡ್ಡವಾಗಿ ತೋಡಿ, ಅದರಲ್ಲಿ ಜೋಳದ ದಂಟುಗಳನ್ನು ನಿಲ್ಲಿಸಿ, ಮೂರು ನಾಲ್ಕು ಅಂಗುಲ ಮೇಲಕ್ಕೆ ಕಾಣುವಂತೆ ತುಂಬುವುದು. ಎರೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡಾಗಲೂ ದಂಟಿನ ಸಂದಿನಿಂದ ನೀರು ಒಳಕ್ಕೆ ಇಳಿಯುತ್ತದೆ.

ಮೂರನೆಯದು, ಹರಿದು ಹೋಗತಕ್ಕ ನೀರನ್ನು ಹೊಂಡದಲ್ಲಿ ಕೂಡಿಡುವುದು. ಇದರ ಲೆಕ್ಕವನ್ನು ಜಮೀನುದಾರರು ಒಮ್ಮೆ ಕುಳಿತು ನೋಡಬೇಕು. ಒಂದು ಎಕರೆಯ ಮೇಲೆ ಬಿದ್ದ ಒಂದು ಅಂಗುಲ ಮಳೆಯೆಂದರೆ ಸುಮಾರು 1,00,000 ಲೀಟರು ನೀರು. ಐದು ಎಕರೆಯ ಮೇಲೆ ಎರಡು ಅಂಗುಲ ಬಿದ್ದರೆ 10,00,000 ಲೀಟರು. ಅದರಲ್ಲಿ ನಾಲ್ಕನೆಯ ಒಂದು ಪಾಲು ಹರಿದರೂ 2,50,000 ಲೀಟರಾಯಿತು. ಮೇಲೆ 12 ಮೀಟರು, ತಳದಲ್ಲಿ 6 ಮೀಟರು ಚೌಕವಾಗಿ 3 ಮೀಟರು ಆಳ ತೋಡಿದ ಹೊಂಡವು ಇಷ್ಟನ್ನೂ ಹಿಡಿಯುತ್ತದೆ. ಅದರಲ್ಲಿ ಅರ್ಧವು ಬಿಸಿಲಿಗೂ ನೆಲಕ್ಕೂ ಹೋಯಿತೆಂದೇ ಇಟ್ಟುಕೊಂಡರೂ 1,25,000 ಲೀಟರು ಉಳಿಯಿತು. ಇನ್ನೂರು ಹಣ್ಣಿನ ಗಿಡಗಳಿಗೆ ಗಿಡಕ್ಕೆ 20 ಲೀಟರಿನಂತೆ ದಿನಕ್ಕೆ 4,000 ಲೀಟರು ಹನಿ ನೀರಾವರಿಯಿಂದ ಕೊಟ್ಟರೆ, ಮೂವತ್ತು ದಿನಗಳಿಗೆ ಬೇಕಾದುದು 1,20,000 ಲೀಟರು. ಎಂದರೆ ಒಂದೇ ಒಂದು ಜೋರು ಮಳೆಯ ಪೋಲಾಗುವ ಭಾಗವು ಒಂದು ತಿಂಗಳ ಒಣಹವೆಯನ್ನು ದಾಟಿಸಬಲ್ಲದು. ಕೃಷಿ ಹೊಂಡಗಳಿಗೆ ನೆರವು ಕೊಡತಕ್ಕ ಕೃಷಿ ಭಾಗ್ಯ ಯೋಜನೆಯನ್ನು ಸರ್ಕಾರವು 2014ರಲ್ಲಿ ಪ್ರಾರಂಭಿಸಿದುದು ಈ ಲೆಕ್ಕವನ್ನು ನೋಡಿಯೇ. ಹೊಂಡದ ಸುತ್ತಲೂ ಬೇಲಿ ಹಾಕುವುದನ್ನು ಮಾತ್ರ ಮರೆಯಬಾರದು. ಮಕ್ಕಳಿಗೂ ದನಗಳಿಗೂ ಬಯಲು ಹೊಂಡವು ಅಪಾಯಕರ.

ನಾಲ್ಕನೆಯದು, ನೀರು ಕೊಡುವ ಕ್ರಮ. ಬಹುದಿನ ಬಾಯಾರಿದ ಗಿಡಕ್ಕೆ ಒಮ್ಮೆಲೇ ಪಾತಿ ತುಂಬ ನೀರು ಬಿಡಬಾರದು. ಮೊದಲು ಸ್ವಲ್ಪ, ಒಂದೆರಡು ದಿನ ಬಿಟ್ಟು ಮತ್ತಷ್ಟು, ಹೀಗೆ ಏರಿಸತಕ್ಕದ್ದು. ನೀರು ಸಾಲದಾದಾಗ ಎಲ್ಲ ಗಿಡಗಳನ್ನೂ ಅರೆಹೊಟ್ಟೆಯಲ್ಲಿಡುವುದಕ್ಕಿಂತ, ಕಾಯಿಗಳನ್ನು ಕಿತ್ತು, ಅನಾವಶ್ಯಕವಾದ ರೆಂಬೆಗಳನ್ನು ಸವರಿ ಮರಗಳನ್ನು ಉಳಿಸಿಕೊಳ್ಳುವುದು ಲೇಸು. ಒಂದು ವರ್ಷದ ಹಣ್ಣು ಹೋದರೆ ಮುಂದಿನ ವರ್ಷ ಬರುತ್ತದೆ. ಮರವೇ ಹೋದರೆ ಐದು ವರ್ಷ ಹೋಯಿತು.

ಐದನೆಯದು, ಗಾಳಿಗೆ ತಡೆ. ಆಷಾಢದ ಪಡುವಣ ಗಾಳಿಯು ನಮ್ಮ ಬಯಲಿನಲ್ಲಿ ತೇವವನ್ನು ಬಿಸಿಲಿಗಿಂತ ಬೇಗ ಕದಿಯುತ್ತದೆ. ತೋಟದ ಪಶ್ಚಿಮಕ್ಕೆ ಬೇವು, ಹೊಂಗೆ, ಗಾಳಿಮರಗಳ ಎರಡು ಸಾಲನ್ನು ಬೆಳೆಸತಕ್ಕದ್ದು.

ಇವೆಲ್ಲಕ್ಕೂ ಮೇಲಾದುದು ಮಿತಿಯನ್ನು ಅರಿಯುವುದು. ಕಾರ್ತಿಕದಲ್ಲಿ ತುಂಬಿದ ಬಾವಿಯನ್ನು ನೋಡಿ ಗಿಡ ನೆಡುವವನು ಚೈತ್ರದಲ್ಲಿ ಅಳುತ್ತಾನೆ. ವೈಶಾಖದಲ್ಲಿ ಬಾವಿಯು ದಿನಕ್ಕೆ ಎಷ್ಟು ನೀರು ಕೊಡುತ್ತದೆಂದು ಎರಡು ವರ್ಷ ಅಳೆದು ನೋಡಿ, ಅದಕ್ಕೆ ತಕ್ಕಷ್ಟು ಗಿಡಗಳನ್ನು ಮಾತ್ರ ನೆಡತಕ್ಕದ್ದು.

ಊರಿಗೊಂದು ಮಳೆಯ ಪುಸ್ತಕ

ಕೊನೆಯದಾಗಿ ಊರಿನ ಮುಖ್ಯಸ್ಥರಲ್ಲಿ ಒಂದು ವಿಶೇಷ ಬಿನ್ನಹವುಂಟು. ಬರವನ್ನು ನಿಶ್ಚಯಿಸುವುದಕ್ಕೆ ಇಂದು ಸರ್ಕಾರವು ಅನುಸರಿಸುವ ಮಾನದಂಡಗಳಲ್ಲಿ ವರ್ಷದ ಕೊರತೆಯೊಂದೇ ಅಲ್ಲ, ಮೂರು ವಾರಗಳ ಕಾಲ ಎಡೆಬಿಡದೆ ಮಳೆಯು ವಾಡಿಕೆಯ ಅರ್ಧಕ್ಕಿಂತ ಕಡಮೆಯಾದ ಒಣಹವೆಯೂ ಲೆಕ್ಕಕ್ಕೆ ಬರುತ್ತದೆ. 2016ರಿಂದ ಜಾರಿಯಲ್ಲಿರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟದ ಬೆಳೆಗೆ ರೈತನು ವಿಮಾ ಮೊತ್ತದ ನೂರಕ್ಕೆ 5ರವರೆಗೆ ಕಂತು ಕಟ್ಟುತ್ತಾನೆ; ಪರಿಹಾರವು ಮಾತ್ರ ನಿಯಮಿತವಾದ ಮಾಪಕವು ಬರೆದ ಮಳೆಯ ಮೇಲೆ ನಿಂತಿದೆ. ಗಿಡ ಒಣಗಿದುದನ್ನು ಕಣ್ಣಿಂದ ನೋಡಿ ಯಾರೂ ಹಣ ಕೊಡುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ತಾವೇ ಮಳೆಯನ್ನು ಅಳೆದು ಸುದ್ದಿ ಕಳುಹಿಸುವ ಯಂತ್ರಗಳನ್ನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವು ಇರಿಸಿದೆ. ಆದರೆ ಎತ್ತಿನ ಒಂದು ಕೊಂಬು ನೆನೆದು ಮತ್ತೊಂದು ಒಣಗಿರುವಂತೆ ನಮ್ಮಲ್ಲಿ ಮಳೆ ಬೀಳುತ್ತದಷ್ಟೆ. ಮಾಪಕವಿರುವ ಊರಿನಲ್ಲಿ ಸುರಿದುದು ಎರಡು ಹರಿದಾರಿಯ ಆಚೆ ತುಂತುರೂ ಇಲ್ಲದೆ ಹೋಗಬಹುದು. ಯಂತ್ರವು ಕೆಟ್ಟು ಕುಳಿತರೆ ಅದನ್ನು ಮೊದಲು ಕಂಡು ತಿಳಿಸಬೇಕಾದವರೂ ಊರಿನವರೇ.

ಆದ್ದರಿಂದ ಪ್ರತಿ ಊರಿನಲ್ಲಿಯೂ ಒಂದು ಮಳೆಮಾಪಕವೂ ಒಂದು ಪುಸ್ತಕವೂ ಇರತಕ್ಕದ್ದು. ಮಾಪಕವು ಐದು ಅಂಗುಲ ಅಗಲದ ಬಾಯುಳ್ಳದ್ದಾಗಿ, ಆ ಬಾಯಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಸಮನಾಗಿರಬೇಕು. ಹತ್ತಿರದ ಮರ ಮನೆಗಳ ಎತ್ತರದ ಎರಡರಷ್ಟು ದೂರದ ಬಯಲಲ್ಲಿ ಅದನ್ನು ಇಡಬೇಕು. ಅದೂ ದೊರೆಯದಿದ್ದರೆ ಪಕ್ಕಗಳು ನೆಟ್ಟಗಿರುವ ಯಾವುದಾದರೂ ಡಬ್ಬಿಯಲ್ಲಿ ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ನೋಡಿದರೂ ಸಾಕು. ಪ್ರತಿದಿನ ಬೆಳಿಗ್ಗೆ 8½ ಘಂಟೆಗೆ ಅಳೆದು, ತಾರೀಖು, ನಕ್ಷತ್ರ, ಮಿಲಿಮೀಟರು ಈ ಮೂರನ್ನೂ ಬರೆಯಬೇಕು. ಮಳೆ ಬಾರದ ದಿನವೂ “ಇಲ್ಲ” ಎಂದು ಬರೆಯಬೇಕು. ಒಣಹವೆಯನ್ನು ಸಾಧಿಸತಕ್ಕದ್ದು ಆ “ಇಲ್ಲ”ಗಳೇ. ಶಾಲೆಯ ಮೇಲ್ತರಗತಿಯ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿದರೆ ಅವರೂ ಕಲಿಯುವರು, ಪುಸ್ತಕವೂ ತಪ್ಪದು. ಈ ಪುಸ್ತಕಕ್ಕೆ ಸರ್ಕಾರಿ ದಾಖಲೆಯ ಬೆಲೆಯಿಲ್ಲದಿದ್ದರೂ, ಮಾಪಕದ ಲೆಕ್ಕದಲ್ಲಿ ತಪ್ಪು ಕಂಡಾಗ ಅಧಿಕಾರಿಗಳ ಮುಂದೆ ತಾರೀಖು ಸಹಿತವಾಗಿ ಪ್ರಶ್ನೆ ಕೇಳುವುದಕ್ಕೆ ಊರಿನ ಕೈಯಲ್ಲಿ ಒಂದು ಆಧಾರವಿರುತ್ತದೆ. ಹತ್ತು ವರ್ಷಗಳ ಪುಸ್ತಕವು ಕೂಡಿದರೆ, ತಮ್ಮ ಊರಿನಲ್ಲಿ ಯಾವ ನಕ್ಷತ್ರವು ಎಷ್ಟು ಸಲ ಕೈಕೊಟ್ಟಿತೆಂಬುದು ತಿಳಿದು, ಯಾವ ಬಹಾರ ಹಿಡಿಯಬೇಕು, ಯಾವ ಗಿಡ ನೆಡಬೇಕೆಂಬುದೂ ತಾನಾಗಿಯೇ ತಿಳಿಯುವುದು.

ಮಳೆಯನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಯನ್ನು ಅಳೆಯುವುದು, ಹಿಡಿದಿಡುವುದು, ಮಿತವಾಗಿ ಹಂಚುವುದು ಈ ಮೂರೂ ನಮ್ಮ ಕೈಯಲ್ಲಿವೆ. ಮುಂದಿನ ಮೃಗಶಿರೆಯೊಳಗಾಗಿ ಪ್ರತಿಯೊಬ್ಬ ತೋಟದವರೂ ತಮ್ಮ ಒಡ್ಡಿನ ಕೋಡಿಯನ್ನು ನೋಡಿಕೊಂಡು, ಹೊಂಡದ ಹೂಳನ್ನು ತೆಗೆಸಿ, ಪುಸ್ತಕದ ಮೊದಲನೆಯ ಪುಟಕ್ಕೆ ಗೆರೆ ಹಾಕಿಡುವರೆಂದು ನಂಬುತ್ತೇವೆ.